ಈ ಮಳೆಗಾಲದಲ್ಲಿ ಓದಿದ ನಮ್ಮ ಕಡೆಯ ಪುಸ್ತಕಗಳು: ನನಗೆ ಅನಿಸಿದ್ದು ಹೇಳುತ್ತೇನೆ, ನೀವೂ ಹೇಳಿ

ನವನಗರದ ಓದುಗಿ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಲೇಖಕರನ್ನು ಬಿಟ್ಟು ಬೇರೆ ಯಾರನ್ನೂ ಓದುವುದಿಲ್ಲ ಅಂತ ಹಟ ಹಿಡಿದಿದ್ದೆ. ಪ್ರಶಸ್ತಿ ಬಂದಾಗ, ಜಯಂತಿ ಮಾಡುವಾಗ ಎಲ್ಲರೂ 'ನಮ್ಮವರು' ಅನ್ನುತ್ತೇವೆ. ಆ ನಮ್ಮವರ ಪುಸ್ತಕ ಪೂರ್ತಿ ಓದಿದವರು ಎಷ್ಟು ಜನ? ಅದಕ್ಕೇ ಕೂತು ಓದಿದೆ. ನಮ್ಮೂರಿನವರು ಅಂತ ಯಾರಿಗೂ ಮಾರ್ಕ್ಸ್ ಜಾಸ್ತಿ ಕೊಟ್ಟಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಎಲ್ಲಕ್ಕಿಂತ ಹಿಡಿಸಿದ್ದು ರಾವಬಹಾದ್ದೂರರ ಗ್ರಾಮಾಯಣ. 1957ರ ಕಾದಂಬರಿ. ಶುರುವಿನಲ್ಲಿ ಯಾರು ಯಾರ ಮಗ, ಯಾರ ಮನೆ ಯಾವ ಓಣಿ ಅಂತ ತಿಳಿಯದೆ ಕಷ್ಟವಾಯಿತು. ಒಮ್ಮೆ ಊರೊಳಗೆ ಕಾಲಿಟ್ಟ ಮೇಲೆ ಮಾತ್ರ ಹೊರಗೆ ಬರಲು ಮನಸ್ಸೇ ಇರಲಿಲ್ಲ. ಇದರಲ್ಲಿ ನಾಯಕ ಅಂತ ಒಬ್ಬನಿಲ್ಲ. ಪಾದಳ್ಳಿ ಅನ್ನುವ ಊರೇ ನಾಯಕ. ಆ ಊರು ನಮ್ಮ ಕಣ್ಣೆದುರಿಗೇ ಸ್ವಲ್ಪ ಸ್ವಲ್ಪ ಹಾಳಾಗುತ್ತಾ ಹೋಗುತ್ತದೆ. ಯಾವುದೋ ಒಬ್ಬ ದುಷ್ಟ ಬಂದು ಹಾಳು ಮಾಡುವುದಿಲ್ಲ. ಗಾಳಿಮಾತು, ಹೊಟ್ಟೆಕಿಚ್ಚು, ಅಧಿಕಾರದ ಆಸೆ, ನಡುವೆ ಬರುವ ರೋಗರುಜಿನ, ಇಷ್ಟೇ ಸಾಕಾಗುತ್ತದೆ. ಒಬ್ಬರ ಬಾಯಿಂದ ಹೊರಟ ಮಾತು ಓಣಿ ದಾಟುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ನಮ್ಮ ಊರ ಕಟ್ಟೆಯ ಮೇಲೆ ಕೂತವರಿಗೆ ಇದು ಹೊಸದೇನಲ್ಲ. ಆದರೆ ಬರೆಯುವಾಗ ಇಷ್ಟು ತಾಳ್ಮೆ ಇಟ್ಟುಕೊಂಡವರು ಅಪರೂಪ.

ಎರಡನೆಯದು ರಾಘವೇಂದ್ರ ಪಾಟೀಲರ ತೇರು. ಗೋಕಾಕ ಸೀಮೆಯವರು, 2005ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಗ್ರಾಮಾಯಣದ ಮುಂದೆ ತೆಳ್ಳಗಿನ ಪುಸ್ತಕ, ಆದರೆ ಓದಿದ ಮೇಲೆ ನಿದ್ದೆ ಬರಲಿಲ್ಲ. ಧರಮನಟ್ಟಿಯ ವಿಠ್ಠಲನ ತೇರು ಮುಂದೆ ಹೋಗುವುದಿಲ್ಲ, ಬಲಿ ಬೇಕು ಅನ್ನುತ್ತಾರೆ, ಬಡವನ ಮನೆಯ ಮಗು ಬಲಿಯಾಗುತ್ತದೆ, ಬದಲಿಗೆ ಭೂಮಿ ಸಿಗುತ್ತದೆ. ಆ ಮನೆತನದವರು ವರ್ಷಾ ವರ್ಷ ಬಂದು ತೇರಿಗೆ ರಕ್ತದ ತಿಲಕ ಇಡಬೇಕು. ಒಂದೇ ಸಂಗತಿಯನ್ನು ಬೇರೆ ಬೇರೆ ಬಾಯಲ್ಲಿ ಹೇಳಿಸುತ್ತಾರೆ. ಪುಣ್ಯದ ಕತೆ ಅಂದುಕೊಂಡು ಕೇಳುತ್ತಾ ಕೂತವರಿಗೆ ಅದರೊಳಗಿನ ಅನ್ಯಾಯ ಮೆಲ್ಲಗೆ ಕಾಣುತ್ತದೆ.

ಮೂರನೆಯದು ಕಂಬಾರರ ಶಿಖರಸೂರ್ಯ. ಇಲ್ಲಿ ನನಗೆ ತಕರಾರಿದೆ. ಶಿವಾಪುರದಿಂದ ಕಲಿತ ವಿದ್ಯೆಯನ್ನು ಒಬ್ಬ ಅಧಿಕಾರಕ್ಕೆ ಬಳಸುವುದು, ಕನಕಪುರಿಯ ದುರಾಸೆ, ಎಲ್ಲ ದೊಡ್ಡ ವಿಷಯವೇ. ಆದರೆ ನಡುವೆ ಎಳೆದರು. ನೂರು ಪುಟ ಕಡಿಮೆ ಇದ್ದಿದ್ದರೆ ಇನ್ನೂ ಗಟ್ಟಿಯಾಗಿರುತ್ತಿತ್ತು.

ನಾಲ್ಕನೆಯದು ಬಸವರಾಜ ಕಟ್ಟೀಮನಿಯವರ ಮಾಡಿ ಮಡಿದವರು. 1942ರ ಚಳವಳಿಯ ಕತೆ. ಸಿಟ್ಟು ನಿಜವಾದದ್ದು, ಹಳ್ಳಿಯ ಹುಡುಗರ ಧೈರ್ಯ ನಿಜವಾದದ್ದು. ಆದರೆ ಪಾತ್ರಗಳು ಮಾತಾಡುವ ಬದಲು ಭಾಷಣ ಮಾಡುತ್ತವೆ.

ನೀವು ಇತ್ತೀಚೆಗೆ ಏನು ಓದಿದಿರಿ? ಸುಮ್ನೆ 'ಚೆನ್ನಾಗಿದೆ' ಅನ್ನಬೇಡಿ. ಯಾಕೆ ಹಿಡಿಸಿತು, ಯಾಕೆ ಅರ್ಧಕ್ಕೆ ಬಿಟ್ಟಿರಿ, ಅದನ್ನು ಹೇಳಿ.

ಇಂಡಿ ಲಿಂಬೆ

ಶಿಖರಸೂರ್ಯದಲ್ಲಿ ನೂರು ಪುಟ ಜಾಸ್ತಿಯಾ? ಅಕ್ಕಾ, ಇದನ್ನು ಮಾತ್ರ ಒಪ್ಪುವುದಿಲ್ಲ.

ಗೋಕಾಕ ಕರದಂಟು

ನಾನೂ ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ಕಂಬಾರರು ಘೋಡಗೇರಿಯವರು. ನಮ್ಮ ಊರಿಂದ ದೂರವೇನಲ್ಲ. ಅವರ ಕಾದಂಬರಿಯನ್ನು ಕಣ್ಣಲ್ಲಿ ಓಡಿಸಿಕೊಂಡು ಓದಿದರೆ ಉದ್ದ ಅನಿಸಿಯೇ ಅನಿಸುತ್ತದೆ. ಅದನ್ನು ಕಿವಿಯಲ್ಲಿ ಓದಬೇಕು. ರಾತ್ರಿಯಿಡೀ ನಡೆಯುವ ಬಯಲಾಟದಲ್ಲಿ ಒಂದೇ ಮಾತನ್ನು ಪದದಲ್ಲಿ ಒಮ್ಮೆ, ಮಾತಿನಲ್ಲಿ ಒಮ್ಮೆ ಹೇಳುತ್ತಾರೆ, ಯಾರಿಗೂ ಬೇಸರ ಬರುವುದಿಲ್ಲ. ಕಂಬಾರರದೂ ಅದೇ ನಡಿಗೆ. ನೀವು ಕಂಬಾರರದೇ ಚಕೋರಿ ಕಾವ್ಯ ಓದದೆ ನೇರ ಶಿಖರಸೂರ್ಯಕ್ಕೆ ಹೋಗಿದ್ದರೆ ಅರ್ಧ ರುಚಿ ತಪ್ಪಿದೆ. ಶಿವಾಪುರ ಏನು, ಆ ಚಿನ್ನಮುತ್ತ ಯಾರು, ಅದೆಲ್ಲ ಅಲ್ಲಿಂದ ಬರಬೇಕು.

ಇನ್ನೊಂದು ಮಾತು. ಈ ಕಾದಂಬರಿಯ ಕನಕಪುರಿಯಲ್ಲಿ ಚಿನ್ನ ಹೆಚ್ಚಿದಂತೆ ಅನ್ನ ಕಡಿಮೆಯಾಗುತ್ತಾ ಹೋಗುತ್ತದೆ. ಕಬ್ಬು ಹಚ್ಚಿ ಹಚ್ಚಿ ಜವಾರಿ ಜೋಳ ಮರೆತ ನಮ್ಮ ಸೀಮೆಯವರಿಗೆ ಇದು ಬರೀ ಕಟ್ಟುಕತೆ ಅಲ್ಲ. ಹೊಳೆಸಾಲಿನ ಹೊಲದಲ್ಲಿ ನಿಂತು ಆ ಅಧ್ಯಾಯಗಳನ್ನು ಓದಿ ನೋಡಿ.

ನವನಗರದ ಓದುಗಿ

ಚಕೋರಿ ಓದಿದ್ದೇನೆ ಅಣ್ಣಾ, ಅದು ನನಗೆ ತುಂಬಾ ಇಷ್ಟ. ಜೋಳದ ಮಾತು ನಿಜ, ಒಪ್ಪಿದೆ.

ಆದರೆ ಆಟದ ಹೋಲಿಕೆ ನನ್ನ ಪರವಾಗಿದೆ, ನಿಮ್ಮ ಪರ ಅಲ್ಲ. ಶ್ರೀಕೃಷ್ಣ ಪಾರಿಜಾತದ ಆಟ ನಾನೂ ನೋಡಿದ್ದೇನೆ. ನಡುರಾತ್ರಿ ಜನ ತೂಕಡಿಸಲು ಶುರು ಮಾಡಿದರೆ ಭಾಗವತನಿಗೆ ತಕ್ಷಣ ಗೊತ್ತಾಗುತ್ತದೆ. ದೂತಿಯನ್ನು ಮಾತಿಗೆ ಎಳೆಯುತ್ತಾನೆ, ಒಂದು ಚಟಾಕಿ ಹಾರುತ್ತದೆ, ಎಲ್ಲರೂ ಎದ್ದು ಕೂರುತ್ತಾರೆ. ಎದುರಿಗಿರುವ ಜನರನ್ನು ನೋಡಿ ಆಟ ತನ್ನನ್ನು ತಾನು ಸಣ್ಣದು ದೊಡ್ಡದು ಮಾಡಿಕೊಳ್ಳುತ್ತದೆ. ಪುಸ್ತಕಕ್ಕೆ ಆ ಅನುಕೂಲ ಇಲ್ಲ. ಅದಕ್ಕೇ ಬರೆಯುವವರು ಮೊದಲೇ ಕತ್ತರಿ ಹಾಕಬೇಕು ಅಂತ ನನ್ನ ವಾದ.

ಗೋಕಾಕ ಕರದಂಟು

ಕತ್ತರಿ ಹಾಕಿದರೆ ಅದು ಕಂಬಾರರ ಪುಸ್ತಕ ಆಗುವುದಿಲ್ಲ. ಬೇರೆ ಯಾರದೋ ಆಗುತ್ತದೆ.

ತಿಳಕವಾಡಿ ಓದು

ಕಟ್ಟೀಮನಿಯವರ ಬಗ್ಗೆ ಮಾತಾಡೋಣ. 'ಭಾಷಣ ಮಾಡುತ್ತವೆ' ಅಂದಿರಿ. ಆ ಕಾಲವೇ ಭಾಷಣದ ಕಾಲ ಅಲ್ವಾ? ಅವರು ಸ್ವತಃ 1942ರಲ್ಲಿ ಜೈಲಿಗೆ ಹೋಗಿ ಬಂದವರು, ಪತ್ರಿಕೆಗಳಲ್ಲಿ ದುಡಿದವರು. ಮಾಮೂಲಿ ಮನೆಯ ಹುಡುಗ ಪೊಲೀಸರ ಎದುರು ನಿಂತು ಮಾತಾಡಿದರೆ ಅದು ಭಾಷಣದಂತೆಯೇ ಕೇಳಿಸುತ್ತದೆ. ಅವನ ಬಾಯಿಂದ ಅಂಥ ಮಾತು ಬಂದದ್ದೇ ಮೊದಲ ಸಲ.

ಮಲಾಮರಡಿಯಲ್ಲಿ ಹುಟ್ಟಿ 1980ರಲ್ಲಿ ಬೆಳಗಾವಿಯಲ್ಲೇ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಅವರು. ನಮ್ಮ ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಅಪ್ಪ ಖಾಂಡೇಕರರ ಯಯಾತಿಯನ್ನು ಮರಾಠಿಯಲ್ಲೇ ಓದುತ್ತಿದ್ದರು, ಕಾಕಾ ಕಟ್ಟೀಮನಿಯವರನ್ನು ಓದುತ್ತಿದ್ದರು. ಊಟಕ್ಕೆ ಕೂತಾಗ ಇಬ್ಬರ ನಡುವೆ ಜಗಳ. ಖಾಂಡೇಕರರ ಪಾತ್ರಗಳು ಮನಸ್ಸಿನಲ್ಲೇ ಉಳಿದುಬಿಡುತ್ತವೆ, ಕಟ್ಟೀಮನಿಯವರ ಪಾತ್ರಗಳು ಬೀದಿಗೆ ಇಳಿಯುತ್ತವೆ ಅಂತ ಕಾಕಾ ಹೇಳುತ್ತಿದ್ದರು. ನನಗೆ ಈಗಲೂ ಕಾಕಾ ಹೇಳಿದ್ದೇ ಸರಿ ಅನಿಸುತ್ತದೆ.

ಮಾಡಿ ಮಡಿದವರು ಒಂದನ್ನೇ ಓದಿ ತೀರ್ಪು ಕೊಡಬೇಡಿ. ಜರತಾರಿ ಜಗದ್ಗುರು ಓದಿ. ಮಠದೊಳಗಿನ ವ್ಯವಹಾರವನ್ನು ಹಾಗೆ ಬರೆಯಲು ಎದೆಗಾರಿಕೆ ಬೇಕು. ಇವತ್ತು ಬರೆದಿದ್ದರೆ ಏನಾಗುತ್ತಿತ್ತೋ.

ಮುಧೋಳ ಹುಡುಗ

ಜರತಾರಿ ಜಗದ್ಗುರು ಎಲ್ಲಿ ಸಿಗುತ್ತದೆ ಸರ್? ನಮ್ಮ ಕಡೆ ಅಂಗಡಿಯಲ್ಲಿ ಕೇಳಿದರೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ತೋರಿಸುತ್ತಾರೆ.

ತಿಳಕವಾಡಿ ಓದು

ಹಳೆಯ ಗ್ರಂಥಾಲಯಗಳಲ್ಲಿ ಹುಡುಕಿ. ಬೆಳಗಾವಿಗೆ ಬಂದರೆ ನನ್ನ ಪ್ರತಿ ಕೊಡುತ್ತೇನೆ. ಒಂದೇ ಷರತ್ತು, ಪೆನ್ನಿನಲ್ಲಿ ಗೆರೆ ಎಳೆಯಬಾರದು.

ಇಂಡಿ ಲಿಂಬೆ

ಗೆರೆ ಎಳೆಯದೆ ಓದುವುದು ಹೇಗೆ ಸರ್? ನಾನು ಬದಿಯಲ್ಲಿ ಬರೆದೂ ಬರೆಯುತ್ತೇನೆ.

ಸಿಂದಗಿ ಮಾಸ್ತರ

ನಿಮ್ಮ ಮಾತೆಲ್ಲ ಕಾದಂಬರಿಯ ಸುತ್ತಲೇ ಇದೆ. ವಿಜಯಪುರ ಜಿಲ್ಲೆಯ ಮಾತು ಬಂದಾಗ ಮೊದಲು ನೆನೆಯಬೇಕಾದ್ದು ಗರತಿಯ ಹಾಡು ಅಂತ ನನ್ನ ಅಭಿಪ್ರಾಯ. ಈಚೆಗೆ ಮತ್ತೊಮ್ಮೆ ಓದಿದೆ.

ಚಡಚಣದ ಹತ್ತಿರದ ಹಲಸಂಗಿ ಸಣ್ಣ ಊರು. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೂಡಿಸಿ 1931ರಲ್ಲಿ ಪುಸ್ತಕ ತಂದರು. ಆಗ ಅವರಿನ್ನೂ ಹರೆಯದವರು. ಮಧುರಚೆನ್ನರಿಗೆ ಮೂವತ್ತೂ ಆಗಿರಲಿಲ್ಲ. ಜಾನಪದ ವಿಭಾಗ, ವಿಶ್ವವಿದ್ಯಾಲಯ, ಟೇಪ್ ರೆಕಾರ್ಡರ್ ಏನೂ ಇಲ್ಲದ ಕಾಲ. ಗಂಡಸರು ಹೋಗಿ 'ಬೀಸುವಾಗ ಏನು ಹಾಡುತ್ತೀರಿ, ಹೇಳಿ' ಅಂತ ಕೇಳಿದರೆ ಯಾವ ಹೆಣ್ಣುಮಗಳು ಬಾಯಿ ಬಿಡುತ್ತಾಳೆ? ತಮ್ಮ ತಮ್ಮ ಮನೆಯ ತಾಯಿ, ಅಕ್ಕತಂಗಿಯರ ಹತ್ತಿರದಿಂದಲೇ ಶುರುವಾಗಬೇಕು.

ಈ ಸಲ ನಾನು ಅದನ್ನು ಅವ್ವನ ಮುಂದೆ ಕೂತು ಜೋರಾಗಿ ಓದಿದೆ. ಅವ್ವನಿಗೆ ಓದಲು ಬರುವುದಿಲ್ಲ. ತವರಿನ ಹಾಡುಗಳು ಬಂದಾಗ ಸುಮ್ಮನೆ ಕೇಳಿದಳು. ಒಂದು ತ್ರಿಪದಿಯ ಮೂರನೆಯ ಸಾಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು. 'ಹಾಗಲ್ಲ, ನಮ್ಮ ಓಣಿಯಲ್ಲಿ ಹೀಗೆ ಅನ್ನುತ್ತಿದ್ದೆವು' ಅಂತ ಬೇರೆ ಸಾಲು ಹೇಳಿದಳು. ಬಲಗೈ ತಾನಾಗಿ ಬೀಸುವ ಕಲ್ಲಿನ ಗೂಟ ಹಿಡಿದಂತೆ ಸುತ್ತುತ್ತಿತ್ತು. ನಮ್ಮ ಮನೆಯಲ್ಲಿ ಬೀಸುವ ಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾಯಿತು. ಗಿರಣಿ ಬಂದ ಮೇಲೆ ಹಾಡು ಹೋಯಿತು ಅಂತ ನಾವು ಬರೆಯುತ್ತೇವೆ. ಪೂರ್ತಿ ಹೋಗಿಲ್ಲ. ಕೇಳುವವರು ಹೋಗಿ ಕೂರುವುದಿಲ್ಲ, ಅಷ್ಟೇ.

ಪುಸ್ತಕದ ಬಗ್ಗೆ ನನ್ನ ಒಂದೇ ದೂರು. ಹಾಡಿದ ಹೆಣ್ಣುಮಕ್ಕಳನ್ನು ಒಟ್ಟಾಗಿ 'ಗರತಿ' ಅಂದುಬಿಟ್ಟಿದ್ದೇವೆ. ಕೂಡಿಸಿದವರ ಹೆಸರು ನಮಗೆ ಬಾಯಿಪಾಠ, ಹಾಡಿದವರ ಹೆಸರು ಹಾಗಲ್ಲ.

ನವನಗರದ ಓದುಗಿ

ಮಾಸ್ತರ, ನಿಮ್ಮ ಅವ್ವ ಹೇಳಿದ ಸಾಲನ್ನು ದಯವಿಟ್ಟು ಬರೆದಿಡಿ. ಸಾಧ್ಯವಾದರೆ ಅವರ ದನಿಯನ್ನೇ ಮೊಬೈಲ್‌ನಲ್ಲಿ ಹಿಡಿದಿಡಿ. ಅವರ ಹೆಸರನ್ನೂ ಹಾಕಿ.

ಸಿಂದಗಿ ಮಾಸ್ತರ

ಶುರು ಮಾಡಿದ್ದೇನೆ ತಂಗಿ. ಮಧ್ಯಾಹ್ನ ಊಟವಾದ ಮೇಲೆ ಒಳ್ಳೆಯ ಲಹರಿಯಲ್ಲಿರುತ್ತಾಳೆ.

ಬಿವಿಬಿ ಬೆಂಚು (ವಿಜಯಪುರ)

ಯಾಕೆ ಎಲ್ಲರೂ ಹಳೆಯದೇ ಹೇಳುತ್ತೀರಿ? ಬೇಸರ ಮಾಡಿಕೊಳ್ಳಬೇಡಿ, ನಾನು ಕಾಲೇಜಿನಲ್ಲಿದ್ದೇನೆ. ಗ್ರಾಮಾಯಣ ತೆಗೆದುಕೊಂಡೆ, ಬಿಟ್ಟೆ. ದೇಸಾಯರ ವಾಡೆ, ಕುಲಕರ್ಣಿಯ ದಫ್ತರ, ಇದೆಲ್ಲ ನನಗೆ ದೂರ. ನನಗೆ ಈ ವರ್ಷ ಹಿಡಿಸಿದ್ದು ಬಾನು ಮುಷ್ತಾಕರ ಕತೆಗಳು. 2025ರ ಅಂತಾರಾಷ್ಟ್ರೀಯ ಬುಕರ್ ಬಂತು ಅಂತ ಓದಲು ಹಿಡಿದೆ, ಅದು ನಿಜ. ಆದರೆ ಓದುತ್ತಾ ಹೋದಂತೆ ನನ್ನ ಅಕ್ಕ, ನಮ್ಮ ಓಣಿಯ ಆಪಾ, ಎದುರು ಮನೆಯ ಚಾಚಿ, ಎಲ್ಲರೂ ಅಲ್ಲಿದ್ದರು. ಹಾಸನದವರು ಬರೆದದ್ದು ವಿಜಯಪುರದ ನಮ್ಮ ಗಲ್ಲಿಗೆ ಇಷ್ಟು ಸರಿ ಹೊಂದುತ್ತದೆ ಅಂದರೆ 'ನಮ್ಮ ಕಡೆಯವರು' ಅನ್ನುವ ಲೆಕ್ಕ ಯಾಕೆ ಬೇಕು?

ಇಂಡಿ ಲಿಂಬೆ

ಇದು ಒಳ್ಳೆಯ ಪ್ರಶ್ನೆ. ಅಕ್ಕಾ ಉತ್ತರ ಕೊಡಬೇಕು.

ನವನಗರದ ಓದುಗಿ

ಕೊಡುತ್ತೇನೆ. ತಮ್ಮಾ, ನೀನು ಹೇಳಿದ್ದು ಪೂರ್ತಿ ನಿಜ. ಬಾನು ಮುಷ್ತಾಕರನ್ನು ನಾನು ಬುಕರ್‌ಗಿಂತ ಮೊದಲೇ ಓದಿದ್ದೆ. ಅವರ ಕರಿ ನಾಗರಗಳು ಕತೆಯಿಂದಲೇ ಗಿರೀಶ ಕಾಸರವಳ್ಳಿಯವರ ಹಸೀನಾ ಸಿನಿಮಾ ಬಂದದ್ದು, 2004ರಲ್ಲಿ. ಸಿನಿಮಾ ನೋಡಿ ಕತೆಗೆ ಹೋದವಳು ನಾನು. ಮಸೀದಿಯ ಮುಂದೆ ನ್ಯಾಯ ಕೇಳಿ ಕೂತ ಹೆಂಗಸನ್ನು ಮರೆಯಲು ಆಗುವುದಿಲ್ಲ.

ಊರಿನ ಲೆಕ್ಕ ಹಾಕಿದ್ದು ಗೋಡೆ ಕಟ್ಟಲು ಅಲ್ಲ. ನಮ್ಮ ಮನೆಯ ಪಕ್ಕದಲ್ಲೇ ಏನಿದೆ ಅಂತ ನೋಡದೆ ದೂರದ್ದನ್ನೆಲ್ಲ ಓದುತ್ತಾ ಬಂದಿದ್ದೆ, ಅದಕ್ಕೆ ಒಂದು ಮಳೆಗಾಲ ಇಟ್ಟೆ. ಗ್ರಾಮಾಯಣವನ್ನು ಮಾತ್ರ ಇನ್ನೊಮ್ಮೆ ಹಿಡಿ. ವಾಡೆ, ದಫ್ತರ ದೂರ ಇರಬಹುದು. ಒಬ್ಬರ ಬಗ್ಗೆ ಸುಳ್ಳು ಸುದ್ದಿ ಹಬ್ಬಿ ಊರೆಲ್ಲ ನಂಬುವುದು ನಿನ್ನ ಮೊಬೈಲ್‌ನಲ್ಲಿ ದಿನಾ ನಡೆಯುತ್ತಿದೆ. ಅಲ್ಲಿ ನಾಲಿಗೆ, ಇಲ್ಲಿ ವಾಟ್ಸಾಪ್.

ಬಿವಿಬಿ ಬೆಂಚು

ಹಾಗೆ ಹೇಳಿದರೆ ಓದಬಹುದು. ಮೇಷ್ಟ್ರು ಯಾರೂ ಹಾಗೆ ಹೇಳಲಿಲ್ಲ. 'ಪ್ರಾದೇಶಿಕ ಕಾದಂಬರಿ, ಐದು ಅಂಕದ ಟಿಪ್ಪಣಿ' ಅಂದರು.

ಕಿಲ್ಲಾ ಓಣಿಯವ (ಹಳೆ ಬಾಗಲಕೋಟೆ)

ನಾನು ಈಚೆಗೆ ಓದಿದ್ದು ನಾ. ಡಿಸೋಜರ ದ್ವೀಪ. ನಮ್ಮ ಜಿಲ್ಲೆಯದಲ್ಲ, ಶರಾವತಿ ಕಡೆಯದು. ಆದರೂ ಇಲ್ಲಿ ಹೇಳಲೇಬೇಕು. ಯಾಕೆ ಅಂತ ಬಾಗಲಕೋಟೆಯವರಿಗೆ ಬಿಡಿಸಿ ಹೇಳುವುದು ಬೇಡ.

ಆಣೆಕಟ್ಟಿಗೆ ನೀರು ನಿಲ್ಲುತ್ತದೆ. ಸುತ್ತಲಿನ ಎಲ್ಲರೂ ಪರಿಹಾರ ತೆಗೆದುಕೊಂಡು ಹೋಗುತ್ತಾರೆ. ಗಣಪಯ್ಯ ಮತ್ತು ಅವನ ಹೆಂಡತಿ ನಾಗವೇಣಿಯ ಮನೆ ಮಾತ್ರ ನೀರಿನ ನಡುವೆ ಉಳಿಯುತ್ತದೆ. ಸಣ್ಣ ಪುಸ್ತಕ. ಒಂದೇ ಸಲ ಕೂತು ಓದಿದೆ. ಓದುವಾಗ ನನಗೆ ಕಂಡದ್ದು ಶರಾವತಿ ಅಲ್ಲ, ಘಟಪ್ರಭೆ.

ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ನಮ್ಮ ಊರಿಗೆ ಬಂದಾಗ ನಾನು ಹುಡುಗ. ಅಡಿಗಲ್ಲು ಹಾಕಿದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಗಳು. ನಮ್ಮ ಅಜ್ಜ ಆ ದಿನದಿಂದಲೂ 'ನೀರು ಬರುತ್ತದಂತೆ' ಅಂತ ಕೇಳುತ್ತಾ ಮುದುಕರಾದರು. ಒಂದು ಪೂರ್ತಿ ತಲೆಮಾರು ಮನೆಗೆ ಸುಣ್ಣ ಬಳಿಯಬೇಕೋ ಬೇಡವೋ ಅನ್ನುವ ಯೋಚನೆಯಲ್ಲೇ ಕಳೆಯಿತು. ಹೇಗಿದ್ದರೂ ಮುಳುಗುವ ಮನೆಗೆ ಯಾರು ಖರ್ಚು ಮಾಡುತ್ತಾರೆ? ಸೋರುವ ಮಾಳಿಗೆ ಸೋರುತ್ತಲೇ ಇತ್ತು.

ಕೊನೆಗೆ ಬಿಡುವ ದಿನ ಬಂತು. ಅಪ್ಪ ಮತ್ತು ಕಾಕಾ ಸೇರಿ ತಲಬಾಗಿಲ ಚೌಕಟ್ಟನ್ನು ಕಿತ್ತರು. ಸಾಗುವಾನಿಯದು, ಮೇಲೆ ಗಣಪತಿ, ಎರಡು ಕಡೆ ಗಿಳಿ ಕೆತ್ತಿದ್ದಾರೆ. ಹೊಸ್ತಿಲ ನಡುಭಾಗ ಕಾಲು ತಾಗಿ ತಾಗಿ ತಗ್ಗಾಗಿದೆ. ಅದನ್ನು ಟ್ರ್ಯಾಕ್ಟರ್‌ನಲ್ಲಿ ಹಾಕಿಕೊಂಡು, ಮುಳುಗಡೆಯಾದವರಿಗೆ ಕಟ್ಟಿದ ನವನಗರಕ್ಕೆ ತಂದರು. ಅಲ್ಲಿ ಸಿಕ್ಕ ಪ್ಲಾಟಿನಲ್ಲಿ ಹೊಸ ಮನೆಯ ಬಾಗಿಲು ಅಷ್ಟು ಅಗಲ ಇರಲಿಲ್ಲ. ಚೌಕಟ್ಟಿಗೆ ತಕ್ಕಂತೆ ಗೋಡೆ ಒಡೆಸಿದರು, ಚೌಕಟ್ಟನ್ನು ಕೊಯ್ಯಲಿಲ್ಲ. ಅಜ್ಜಿ ಅದಕ್ಕೆ ಒಪ್ಪುತ್ತಿರಲಿಲ್ಲ. ಈಗಲೂ ನಮ್ಮ ಅಣ್ಣ ಆ ಮನೆಯಲ್ಲಿದ್ದಾನೆ. ನಾನು ಹಳೆ ಊರಿನ ಉಳಿದ ಭಾಗದಲ್ಲೇ ಇದ್ದೇನೆ.

ಡಿಸೋಜರು ಇಂಥ ಸಣ್ಣ ಸಂಗತಿಗಳನ್ನು ಹಿಡಿದಿದ್ದಾರೆ, ಅದಕ್ಕೇ ಆ ಪುಸ್ತಕ ಎದೆಗೆ ತಾಗುತ್ತದೆ. ನಮ್ಮ ಮುಳುಗಡೆಯ ಬಗ್ಗೆ ಗ್ರಾಮಾಯಣದಷ್ಟು ದೊಡ್ಡ ಕಾದಂಬರಿ ಬರಬೇಕು. ಪರಿಹಾರದ ಕಚೇರಿ, ಏಜೆಂಟರು, ದುಡ್ಡು ಬಂದ ವರ್ಷ ಒಡೆದ ಅಣ್ಣತಮ್ಮಂದಿರು, ಸೆಕ್ಟರ್ ನಂಬರಿನಲ್ಲಿ ಕಳೆದುಹೋದ ಓಣಿಯ ಹೆಸರುಗಳು. ಆಣೆಕಟ್ಟನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಎತ್ತರಿಸುವ ಮಾತು ಇನ್ನೂ ನಡೆದೇ ಇದೆ. ಅಂದರೆ ಈ ಕತೆ ಮುಗಿದಿಲ್ಲ.

ನವನಗರದ ಓದುಗಿ

ಅಣ್ಣಾ, ನಮ್ಮ ಮಾವನ ಮನೆಯ ತೊಲೆಗಳೂ ಹಾಗೇ ಬಂದವು. ನೀವೇ ಯಾಕೆ ಬರೆಯಬಾರದು? ಇಲ್ಲಿ ಬರೆದದ್ದೇ ಮೊದಲ ಅಧ್ಯಾಯದಂತಿದೆ.

ಮುಧೋಳ ಹುಡುಗ

ನಮ್ಮ ಅತ್ತೆಯ ಊರೂ ಮುಳುಗಿತು. ಈಗಲೂ ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಗುಡಿ ನೋಡಲು ಹೋಗುತ್ತಾರೆ.

ಗೋಕಾಕ ಕರದಂಟು

ದ್ವೀಪದ ಸಿನಿಮಾ ಕೂಡ ಕಾಸರವಳ್ಳಿಯವರದೇ, 2002ರದು. ಸೌಂದರ್ಯ ಅದರಲ್ಲಿ ಮಾಡಿದ ಪಾತ್ರ ನೋಡಬೇಕು. ಆದರೆ ಪುಸ್ತಕ ಮೊದಲು ಓದಿ, ಆಮೇಲೆ ಸಿನಿಮಾ.

ಬೀಳಗಿ ವಹಿನಿ

ಬಹಳ ಹೊತ್ತಿನಿಂದ ನೋಡುತ್ತಿದ್ದೇನೆ, ಕೃಷ್ಣಮೂರ್ತಿ ಪುರಾಣಿಕರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ಬೀಳಗಿಯವರು, ಗೋಕಾಕದಲ್ಲಿ ಮಾಸ್ತರಿಕೆ ಮಾಡಿದವರು. ಗೋಕಾಕದ ಕರದಂಟಿನವರಿಗಾದರೂ ನೆನಪಾಗಬೇಕಿತ್ತು. ನಮ್ಮ ತಾಯಿ, ಚಿಕ್ಕಮ್ಮಂದಿರು ಓದಲು ಕಲಿತದ್ದೇ ಅವರ ಕಾದಂಬರಿಗಳಿಂದ. ಬಾಡಿಗೆ ಲೈಬ್ರರಿಯಿಂದ ತಂದ ಒಂದು ಪುಸ್ತಕ ನಾಲ್ಕು ಮನೆ ಸುತ್ತಿ ವಾಪಸ್ ಹೋಗುತ್ತಿತ್ತು. ಕುಲವಧು ಸಿನಿಮಾ ಆಯಿತು. ರಾಜಕುಮಾರರ ಸನಾದಿ ಅಪ್ಪಣ್ಣ ಕೂಡ ಅವರ ಕಾದಂಬರಿಯಿಂದಲೇ ಬಂತು, 1977ರಲ್ಲಿ. ಅದರ ಶಹನಾಯಿ ನುಡಿಸಿದ್ದು ಬಿಸ್ಮಿಲ್ಲಾ ಖಾನರು.

ವಿಮರ್ಶಕರು ಅವರನ್ನು 'ಮನೆಮಂದಿಯ ಕಾದಂಬರಿ' ಅಂತ ಬದಿಗೆ ಸರಿಸಿಬಿಟ್ಟರು. ಮನೆಮಂದಿ ಓದುವುದು ತಪ್ಪಾ?

ತಿಳಕವಾಡಿ ಓದು

ತಪ್ಪಲ್ಲ ವಹಿನಿ. ಆದರೆ ಅವರ ಹೆಣ್ಣುಗಳು ತಾಳಿಕೊಂಡೇ ಇರುತ್ತಾರೆ. ಎಲ್ಲವನ್ನೂ ಸಹಿಸಿ ಕೊನೆಗೆ ಮನೆ ಉಳಿಸುತ್ತಾರೆ. ಇವತ್ತು ಓದಿದರೆ ನನಗೆ ಸಿಟ್ಟು ಬರುತ್ತದೆ.

ಬೀಳಗಿ ವಹಿನಿ

ಬರಲಿ. ನನಗೂ ಬರುತ್ತದೆ. ಆದರೆ ಆ ತಾಳ್ಮೆಯನ್ನು ಓದಿದ ಹೆಂಗಸರೇ ತಮ್ಮ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿದರು. ನನ್ನ ತಾಯಿ ಕಳಿಸಿದಳು. 'ನೀನು ಆ ಕಾದಂಬರಿಯ ಸೊಸೆಯಂತೆ ಬಾಳಬೇಡ' ಅಂತ ಹೇಳಿಯೇ ಕಳಿಸಿದಳು. ಪುಸ್ತಕ ಏನು ಹೇಳುತ್ತದೆ ಅನ್ನುವುದು ಒಂದು, ಓದಿದವರು ಅದರಿಂದ ಏನು ತೆಗೆದುಕೊಂಡರು ಅನ್ನುವುದು ಇನ್ನೊಂದು. ನೀವು ಮೊದಲನೆಯದನ್ನು ಮಾತ್ರ ನೋಡುತ್ತೀರಿ.

ನವನಗರದ ಓದುಗಿ

ವಹಿನಿ, ಈ ಮಾತಿಗೆ ನನ್ನ ಬಳಿ ಎದುರು ಮಾತಿಲ್ಲ. ಮುಂದಿನ ಪಟ್ಟಿಯಲ್ಲಿ ಪುರಾಣಿಕರು ಇರುತ್ತಾರೆ.

ಸಿಂದಗಿ ಮಾಸ್ತರ

ಇನ್ನೊಂದು ಹೆಸರು ಸೇರಿಸಿಕೊಳ್ಳಿ. ಫ.ಗು. ಹಳಕಟ್ಟಿಯವರು. ವಿಜಯಪುರದಲ್ಲಿ ವಕೀಲರಾಗಿದ್ದು, ವಚನಗಳ ತಾಳೆಗರಿ ಹುಡುಕಿಕೊಂಡು ಮನೆ ಮನೆ ತಿರುಗಿದವರು. ವಚನಶಾಸ್ತ್ರಸಾರ 1923ರಲ್ಲಿ ಬೆಳಗಾವಿಯ ಪ್ರೆಸ್ಸಿನಲ್ಲಿ ಅಚ್ಚಾಯಿತು. ಆಮೇಲೆ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಿಂದ ಶಿವಾನುಭವ ಪತ್ರಿಕೆ ತಂದರು. ಇವತ್ತು ಮೊಬೈಲ್‌ನಲ್ಲಿ ದಿನಕ್ಕೊಂದು ವಚನ ಕಳಿಸುವವರು ಇದನ್ನು ತಿಳಿದಿರಬೇಕು. ಬರೀ ವಚನಗಳನ್ನಲ್ಲ, ಅವರು ಬರೆದ ಪೀಠಿಕೆಗಳನ್ನೂ ಓದಿ. ಪ್ರತಿ ಪುಟದಲ್ಲೂ ಅವಸರ ಕಾಣುತ್ತದೆ. ಗರಿಗಳು ಹುಳ ಹಿಡಿದು ಹಾಳಾಗುವ ಮೊದಲು ಅಚ್ಚಿಗೆ ಕೊಡಬೇಕು ಅನ್ನುವ ಅವಸರ.

ಇಂಡಿ ಲಿಂಬೆ

ಮಾಸ್ತರ, ಇದನ್ನೆಲ್ಲ ಒಂದು ಕಡೆ ಬರೆದಿಡಿ.

ತಿಳಕವಾಡಿ ಓದು

ಬೆಳಗಾವಿಯ ಪ್ರೆಸ್ಸಿನ ಮಾತು ಕೇಳಿ ಖುಷಿಯಾಯಿತು. ನಮ್ಮ ಊರಿನ ಬಗ್ಗೆ ಜಗಳದ ಸುದ್ದಿಯೇ ಜಾಸ್ತಿ ಬರುತ್ತದೆ.

ಒಂದು ಸಲಹೆ ಇದೆ. ಮುಂದಿನ ಸಲ ಎಲ್ಲರೂ ಒಂದೇ ಪುಸ್ತಕ ಓದೋಣ. ಶಾಂತಿನಾಥ ದೇಸಾಯಿಯವರ ಓಂ ಣಮೋ ಆಗಬಹುದು. 2000ದ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ನಮ್ಮ ಕಡೆಯ ಜೈನ ಮನೆತನಗಳನ್ನು ತಿಳಿಯಲು ವಿದೇಶದಿಂದ ಸಂಶೋಧಕರು ಬರುತ್ತಾರೆ. ಕನ್ನಡ, ಮರಾಠಿ ಎರಡೂ ಬೆರೆತ ಗಡಿ ಸೀಮೆಯ ಬದುಕು. ಹೊರಗಿನವರು ನಮ್ಮನ್ನು ನೋಡುವುದು, ನಾವು ನಮ್ಮನ್ನು ನೋಡಿಕೊಳ್ಳುವುದು, ಎರಡೂ ಇದೆ. ಬಿವಿಬಿ ತಮ್ಮನಿಗೂ ಹಿಡಿಸಬಹುದು, ವಾಡೆ ಕಡಿಮೆ.

ಬಿವಿಬಿ ಬೆಂಚು

ಬರುತ್ತೇನೆ ಸರ್. ಆದರೆ ಆಮೇಲಿನ ಪುಸ್ತಕ ನಾನು ಆರಿಸುತ್ತೇನೆ. ಈಗ ಬರೆಯುತ್ತಿರುವವರದೇ ಆಗಬೇಕು, ಕತೆಗಳಾದರೂ ಸರಿ.

ಗೋಕಾಕ ಕರದಂಟು

ಆಗಲಿ. ಆಮೇಲೆ ಕಂಬಾರರ ಕರಿಮಾಯಿ. ಇಷ್ಟು ಹೊತ್ತು ವಾದ ಮಾಡಿದವಳು ಅದನ್ನು ಓದಿ 'ಎಳೆದರು' ಅಂತ ಹೇಳಲಿ, ನೋಡುತ್ತೇನೆ.

ನವನಗರದ ಓದುಗಿ

ಓದುತ್ತೇನೆ ಅಣ್ಣಾ. ಎಳೆದಿದ್ದರೆ ಎಳೆದರು ಅಂತಲೇ ಬರೆಯುತ್ತೇನೆ. ಓಂ ಣಮೋ ನನ್ನ ಹತ್ತಿರ ಎರಡು ಪ್ರತಿ ಇದೆ. ಮುಧೋಳದ ತಮ್ಮನಿಗೆ ಬೇಕಿದ್ದರೆ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಪೆನ್ಸಿಲ್‌ನಲ್ಲಿ ಗೆರೆ ಎಳೆಯಲು ನನ್ನ ಅಭ್ಯಂತರ ಇಲ್ಲ.

ಮುಧೋಳ ಹುಡುಗ

ಬೇಕು ಅಕ್ಕಾ. ಶನಿವಾರ ನಾನೇ ಬರುತ್ತೇನೆ.